ಅಂತರ್ಜಾಲದ ಆಕರಗಳನ್ನು ಪ್ರಬಂಧದಲ್ಲಿ ಉಲ್ಲೇಖಿಸುವ ಕ್ರಮ

ಮಾನಸಗಂಗೋತ್ರಿಯಲ್ಲಾಗಲಿ ಮಂಡ್ಯದ ಕಾಲೇಜುಗಳಲ್ಲಾಗಲಿ ಸಿದ್ಧವಾಗುವ ಕಿರುಪ್ರಬಂಧಗಳ ಕೊನೆಯ ಹಾಳೆಗಳನ್ನು ತಿರುವಿ ನೋಡಿದರೆ, ಪರಾಮರ್ಶನ ಗ್ರಂಥಗಳ ಪಟ್ಟಿ ಮುಗಿದ ಮೇಲೆ ‘ಜಾಲತಾಣಗಳು’ ಎಂಬ ತಲೆಬರಹವೂ ಅದರ ಕೆಳಗೆ ‘ಗೂಗಲ್, ವಿಕಿಪೀಡಿಯ, ಯೂಟ್ಯೂಬ್’ ಎಂಬ ಮೂರು ಹೆಸರುಗಳೂ ಕಾಣಸಿಗುವುದು ಅಪರೂಪವೇನಲ್ಲ. ಪುಸ್ತಕವೆಂದರೆ ಲೇಖಕ, ಪ್ರಕಾಶನ, ವರ್ಷ, ಪುಟಸಂಖ್ಯೆಗಳನ್ನೆಲ್ಲ ಶ್ರದ್ಧೆಯಿಂದ ಕೊಡುವ ವಿದ್ಯಾರ್ಥಿಗಳು ಅಂತರ್ಜಾಲದ ಮಾತು ಬಂದೊಡನೆ ಕೈಬಿಟ್ಟುಬಿಡುತ್ತಾರೆ, ಏಕೆಂದರೆ ಅದನ್ನು ಬರೆಯುವ ಕ್ರಮವನ್ನು ಅವರಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರುವುದಿಲ್ಲ. ಗೂಗಲ್ ಹುಡುಕಿಕೊಡುವ ಯಂತ್ರ. ಪ್ರಬಂಧಕ್ಕೆ ಬೇಕಾದ ಮಾತನ್ನು ಅದು ಬರೆದಿಲ್ಲ. ಯೂಟ್ಯೂಬ್ ಒಂದು ವೇದಿಕೆ. ಅಲ್ಲಿ ಮಾತನಾಡಿದವರು ಬೇರೆ. ಹಾಗಾಗಿ ಈ ಮೂರು ಹೆಸರುಗಳನ್ನು ಓದಿದ ಪರೀಕ್ಷಕರಿಗೆ ವಿದ್ಯಾರ್ಥಿಯ ಬಳಿ ಮೊಬೈಲ್ ಇತ್ತು ಎಂಬುದೊಂದನ್ನು ಬಿಟ್ಟು ಬೇರೇನೂ ತಿಳಿಯುವುದಿಲ್ಲ.

ಉಲ್ಲೇಖದ ಕೆಲಸ ಒಂದೇ: ನೀವು ನೋಡಿದ್ದನ್ನು, ನೀವು ನೋಡಿದ ರೂಪದಲ್ಲಿಯೇ, ಇನ್ನೊಬ್ಬರು ಹೋಗಿ ನೋಡುವಂತೆ ಮಾಡುವುದು. ಇದಕ್ಕೆ ಬೇಕಾಗುವ ವಿವರಗಳು ಪುಸ್ತಕಕ್ಕೂ ಜಾಲಪುಟಕ್ಕೂ ಬಹುಮಟ್ಟಿಗೆ ಒಂದೇ. ಬರೆದವರು ಯಾರು, ಬರಹದ ಶೀರ್ಷಿಕೆ ಏನು, ಅದು ಯಾವ ತಾಣದಲ್ಲಿ ಅಥವಾ ಯಾವ ಸಂಸ್ಥೆಯಿಂದ ಪ್ರಕಟವಾಗಿದೆ, ಪ್ರಕಟವಾದ ದಿನಾಂಕ ಯಾವುದು, ನೀವು ಅದನ್ನು ನೋಡಿದ ದಿನಾಂಕ ಯಾವುದು, ಕೊನೆಗೆ ಕೊಂಡಿ ಯಾವುದು ಎಂಬಿಷ್ಟನ್ನು ಈ ಅನುಕ್ರಮದಲ್ಲಿ ಅಲ್ಪವಿರಾಮ ಕೊಟ್ಟು ಬರೆದರೆ ಉಲ್ಲೇಖ ಸಿದ್ಧವಾಗುತ್ತದೆ. ಲೇಖಕರ ಹೆಸರು ಇಲ್ಲದಿದ್ದರೆ ಪ್ರಕಟಿಸಿದ ಸಂಸ್ಥೆಯ ಹೆಸರು ಆ ಜಾಗಕ್ಕೆ ಬರುತ್ತದೆ. ಪ್ರಕಟಣೆಯ ದಿನಾಂಕ ಎಲ್ಲಿಯೂ ಕಾಣದಿದ್ದರೆ ‘ದಿನಾಂಕ ನಮೂದಾಗಿಲ್ಲ’ ಎಂದು ಬರೆಯಬೇಕೇ ಹೊರತು ಊಹಿಸಿ ತುಂಬಬಾರದು.

ಬಹುಪಾಲು ಜನ ಕೊಂಡಿಯೊಂದನ್ನೇ ಕೊಟ್ಟು ಉಳಿದದ್ದನ್ನು ಬಿಡುತ್ತಾರೆ. ಸರಸ್ವತಿಪುರಂನಲ್ಲಿರುವ ಒಂದು ಮನೆಯ ಗುರುತು ಕೇಳಿದವರಿಗೆ ಮನೆಯವರ ಹೆಸರನ್ನಾಗಲಿ ರಸ್ತೆಯ ಹೆಸರನ್ನಾಗಲಿ ಹೇಳದೆ ಗೇಟಿನ ಬಣ್ಣವನ್ನಷ್ಟೇ ಹೇಳಿದ ಹಾಗೆ ಇದು. ಮೇಲೆ ಹೇಳಿದ ವಿವರಗಳಲ್ಲಿ ಎಲ್ಲಕ್ಕಿಂತ ಬೇಗ ಬದಲಾಗುವುದು ಕೊಂಡಿಯೇ. ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2013ರಲ್ಲಿದ್ದ ಜಾಲಪುಟಗಳ ಪೈಕಿ ಶೇ. 38ರಷ್ಟು ಹತ್ತು ವರ್ಷ ಕಳೆಯುವಷ್ಟರಲ್ಲಿ ಸಿಗದಂತಾಗಿದ್ದವು ಎಂದು ಕಂಡುಬಂದಿದೆ. ಸರ್ಕಾರಿ ಇಲಾಖೆಗಳು ತಮ್ಮ ತಾಣವನ್ನು ಹೊಸ ವಿನ್ಯಾಸಕ್ಕೆ ಬದಲಾಯಿಸಿದಾಗ ಹಳೆಯ ಆದೇಶ, ವರದಿಗಳ ಕೊಂಡಿಗಳು ಒಟ್ಟೊಟ್ಟಿಗೆ ಕೆಡುವುದನ್ನು ನಮ್ಮ ಕಡೆಯ ಸಂಶೋಧಕರೆಲ್ಲ ಬಲ್ಲರು. ಕೊಂಡಿ ಸತ್ತರೂ ಲೇಖಕರ ಹೆಸರು, ಶೀರ್ಷಿಕೆ, ದಿನಾಂಕಗಳು ಇದ್ದರೆ ಆ ಬರಹವನ್ನು ಇನ್ನೊಂದು ಕಡೆ ಹುಡುಕಿ ತೆಗೆಯಬಹುದು.

ಕೊಂಡಿಯನ್ನು ಶುದ್ಧಗೊಳಿಸಿ, ಪ್ರತಿಯನ್ನು ಕಾಪಿಡುವುದು

ಹಾಗೆಂದು ಕೊಂಡಿಯನ್ನು ಹೇಗೆಂದರೆ ಹಾಗೆ ಅಂಟಿಸಬಾರದು. ಮೊಬೈಲಿನಲ್ಲಿ ಯಾರೋ ಹಂಚಿಕೊಂಡ ಸುದ್ದಿಯ ಕೊಂಡಿಯನ್ನು ನಕಲು ಮಾಡಿದರೆ, ವಿಳಾಸ ಮುಗಿದು ಪ್ರಶ್ನಾರ್ಥಕ ಚಿಹ್ನೆ ಬಂದ ಮೇಲೆ ಯುಟಿಎಂ ಎಂದೋ ಎಫ್‌ಬಿಸಿಎಲ್‌ಐಡಿ ಎಂದೋ ಆರಂಭವಾಗುವ ಉದ್ದನೆಯ ಬಾಲವೊಂದು ಇರುತ್ತದೆ. ನೀವು ಫೇಸ್‌ಬುಕ್ಕಿನಿಂದ ಬಂದಿರೋ ವಾಟ್ಸ್ಆ್ಯಪ್‌ನಿಂದ ಬಂದಿರೋ ಎಂದು ಆ ತಾಣದವರು ಲೆಕ್ಕವಿಡಲು ಅದು ಇರುವುದು. ಓದುಗರಿಗೆ ಅದರಿಂದ ಪ್ರಯೋಜನವಿಲ್ಲ. ಪ್ರಶ್ನಾರ್ಥಕ ಚಿಹ್ನೆಯಿಂದ ಮುಂದಿನದನ್ನು ಅಳಿಸಿ, ಉಳಿದ ವಿಳಾಸವನ್ನು ಬ್ರೌಸರಿನಲ್ಲಿ ಹಾಕಿ, ಅದೇ ಪುಟ ತೆರೆದುಕೊಳ್ಳುತ್ತದೆಯೇ ಎಂದು ನೋಡಿ. ಕೆಲವು ತಾಣಗಳಲ್ಲಿ ಪುಟದ ಸಂಖ್ಯೆಯೇ ಆ ಚಿಹ್ನೆಯ ಮುಂದೆ ಇರುವುದರಿಂದ ಅಳಿಸಿದರೆ ಪುಟ ಬಾರದೆ ಹೋಗಬಹುದು. ಆಗ ಆ ಸಂಖ್ಯೆಯನ್ನು ಉಳಿಸಿಕೊಳ್ಳಬೇಕು.

ಕನ್ನಡದಂತಹ ಲಿಪಿಗಳಲ್ಲಿ ಬರೆಯುವವರಿಗೆ ಎದುರಾಗುವ ತೊಡಕೊಂದು ಇಲ್ಲಿದೆ. ಬ್ರೌಸರಿನ ಪಟ್ಟಿಯಲ್ಲಿ ಕೊಂಡಿಯ ಕೊನೆಗೆ ‘ಮಂಡ್ಯ’ ಎಂದು ಚೊಕ್ಕವಾಗಿ ಕಾಣುವ ವಿಳಾಸವನ್ನು ನಕಲು ಮಾಡಿ ಪ್ರಬಂಧಕ್ಕೆ ಅಂಟಿಸಿದರೆ, ಕನ್ನಡದ ಅಕ್ಷರಗಳು ಮಾಯವಾಗಿ ಶೇಕಡಾ ಚಿಹ್ನೆಗಳೂ ಇಂಗ್ಲಿಷ್ ಅಕ್ಷರಗಳೂ ಅಂಕಿಗಳೂ ಬೆರೆತ ಸರಪಳಿಯೊಂದು ಬಂದು ಕೂರುತ್ತದೆ. ಕೊಂಡಿಗಳಲ್ಲಿ ಬಳಕೆಯಾಗುವ ಯುಟಿಎಫ್-8 ಎಂಬ ಯೂನಿಕೋಡ್ ರೂಪದಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟ್‌ಗಳು ಬೇಕು. ಕೊಂಡಿಯಲ್ಲಿ ಒಂದೊಂದು ಬೈಟನ್ನು ಮೂರು ಅಕ್ಷರಗಳಿಂದ ಬರೆಯಲಾಗುತ್ತದೆ. ‘ಮಂಡ್ಯ’ ಎಂಬ ಪದದಲ್ಲಿ ಮ, ಅನುಸ್ವಾರ, ಡ, ಅರ್ಧಾಕ್ಷರದ ಚಿಹ್ನೆ, ಯ ಎಂದು ಐದು ಚಿಹ್ನೆಗಳಿರುವುದರಿಂದ ಅದು 45 ಅಕ್ಷರಗಳಷ್ಟು ಉದ್ದವಾಗುತ್ತದೆ, ‘ಮೈಸೂರು’ 54 ಅಕ್ಷರಗಳಷ್ಟಾಗುತ್ತದೆ. ಇಂತಹ ಕೊಂಡಿ ಮುದ್ರಿತ ಹಾಳೆಯಲ್ಲಿ ಮೂರು ಸಾಲು ಹಿಡಿಯುವುದಲ್ಲದೆ, ನೋಡಿಕೊಂಡು ಟೈಪ್ ಮಾಡಲು ಯಾರಿಂದಲೂ ಆಗುವುದಿಲ್ಲ. ವಿಕಿಪೀಡಿಯದಂತಹ ತಾಣಗಳು ಇದಕ್ಕಾಗಿಯೇ ತಮ್ಮದೇ ಕಿರುಕೊಂಡಿಯನ್ನು ಒದಗಿಸುತ್ತವೆ, ಅದನ್ನು ಬಳಸಿರಿ. ಬೇರೆ ಕಂಪನಿಗಳ ಕಿರುಕೊಂಡಿಗಳನ್ನು ಮಾತ್ರ ಪ್ರಬಂಧದಲ್ಲಿ ಬಳಸಬಾರದು. ಗೂಗಲ್‌ನಂತಹ ಗೂಗಲ್ಲೇ ಹೊಸ ಕಿರುಕೊಂಡಿಗಳನ್ನು ಮಾಡಿಕೊಡುವ ತನ್ನ ಸೇವೆಯನ್ನು 2019ರಲ್ಲಿ ನಿಲ್ಲಿಸಿತು.

ಸಂಶೋಧನಾ ಪತ್ರಿಕೆಗಳ ಲೇಖನಗಳಿಗೆ ಡಿಒಐ ಎಂಬ ಶಾಶ್ವತ ಗುರುತು ಇರುತ್ತದೆ. ಅದು ಯಾವಾಗಲೂ 10 ಎಂಬ ಅಂಕಿ ಮತ್ತು ಒಂದು ಚುಕ್ಕೆಯಿಂದ ಆರಂಭವಾಗುತ್ತದೆ. ಪ್ರಕಾಶಕರು ತಾಣ ಬದಲಾಯಿಸಿದರೂ ಡಿಒಐ ಬದಲಾಗುವುದಿಲ್ಲವಾದ್ದರಿಂದ, ಅದು ಇರುವಲ್ಲಿ ಸಾಮಾನ್ಯ ಕೊಂಡಿಯನ್ನು ಕೊಡುವ ಅಗತ್ಯವೇ ಇಲ್ಲ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಭಂಡಾರದಲ್ಲಿರುವ ಪಿಎಚ್.ಡಿ. ಮಹಾಪ್ರಬಂಧಗಳಿಗೂ 10603 ಎಂಬ ಸಂಖ್ಯೆಯನ್ನೊಳಗೊಂಡ ಇಂತಹದೇ ಶಾಶ್ವತ ವಿಳಾಸವಿದೆ. ಅದು ಪ್ರಬಂಧದ ವಿವರದ ಪುಟದಲ್ಲಿಯೇ ಕಾಣುತ್ತದೆ. ಒಂದೊಂದು ಅಧ್ಯಾಯದ ಪಿಡಿಎಫ್ ಕಡತದ ಕೊಂಡಿಯನ್ನು ಕೊಡದೆ ಈ ವಿಳಾಸವನ್ನು ಕೊಟ್ಟು, ಅಧ್ಯಾಯ ಮತ್ತು ಪುಟಸಂಖ್ಯೆಯನ್ನು ಪ್ರತ್ಯೇಕವಾಗಿ ಬರೆಯಿರಿ.

ಶಾಶ್ವತ ಗುರುತು ಇಲ್ಲದ ಪುಟಗಳಿಗೆ, ಅಂದರೆ ಸುದ್ದಿ, ಇಲಾಖೆಯ ಪ್ರಕಟಣೆ, ವೈಯಕ್ತಿಕ ತಾಣಗಳ ಲೇಖನ ಮುಂತಾದುವಕ್ಕೆ, ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್ ಇದೆ. ಅಲ್ಲಿ ಪುಟದ ವಿಳಾಸವನ್ನು ಹಾಕಿ ಉಳಿಸುವ ಆಯ್ಕೆಯನ್ನು ಒತ್ತಿದರೆ, ಆ ಕ್ಷಣದ ಪುಟದ ಪ್ರತಿಯೊಂದು ಅಲ್ಲಿ ಸಂಗ್ರಹವಾಗಿ ಹೊಸ ಕೊಂಡಿ ಸಿಗುತ್ತದೆ. ಆ ಕೊಂಡಿಯ ನಡುವೆ 14 ಅಂಕಿಗಳ ಒಂದು ಸಂಖ್ಯೆ ಇರುವುದನ್ನು ಗಮನಿಸಿ: ಮೊದಲ ನಾಲ್ಕು ವರ್ಷ, ಮುಂದಿನ ಎರಡು ತಿಂಗಳು, ಆಮೇಲೆ ದಿನ, ಗಂಟೆ, ನಿಮಿಷ, ಸೆಕೆಂಡು. ಗಂಟೆ ಮಾತ್ರ ನಮ್ಮದಲ್ಲ, ಜಾಗತಿಕ ಸಮಯ. ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಬೆಳಗಿನ ಜಾವ ಉಳಿಸಿದ ಪುಟಕ್ಕೆ ಹಿಂದಿನ ದಿನದ ದಿನಾಂಕ ಬಂದಿರುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಲಾಗಿನ್ ಆಗಿ ಓದಬೇಕಾದ ಪುಟಗಳು ಹೀಗೆ ಉಳಿಯುವುದಿಲ್ಲ. ಅವುಗಳನ್ನು ಪಿಡಿಎಫ್ ಮಾಡಿ ನಿಮ್ಮ ಬಳಿಯೇ ಇಟ್ಟುಕೊಳ್ಳಬೇಕು.

ದಿನಾಂಕ ಏಕೆ ಇಷ್ಟು ಮುಖ್ಯ

ಮಂಡ್ಯ ಜಿಲ್ಲೆಯ ನೀರಾವರಿಯ ಬಗ್ಗೆ ಬರೆಯುವ ವಿದ್ಯಾರ್ಥಿಯೊಬ್ಬರು ಕಾವೇರಿ ನೀರಿನ ಹಂಚಿಕೆಯನ್ನು ಅಂತರ್ಜಾಲದಲ್ಲಿ ಹುಡುಕುತ್ತಾರೆ ಎಂದಿಟ್ಟುಕೊಳ್ಳೋಣ. ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಬಿಡಬೇಕಾದ ನೀರು ವರ್ಷಕ್ಕೆ 192 ಟಿಎಂಸಿ ಅಡಿ ಎಂದು ಒಂದು ಪುಟ ಹೇಳುತ್ತದೆ, 177.25 ಎಂದು ಇನ್ನೊಂದು ಹೇಳುತ್ತದೆ. ಎರಡೂ ಸುಳ್ಳಲ್ಲ. ಮೊದಲನೆಯದು ನ್ಯಾಯಮಂಡಳಿಯ 2007ರ ಫೆಬ್ರುವರಿ 5ರ ಅಂತಿಮ ತೀರ್ಪಿನ ಅಂಕಿ; ಎರಡನೆಯದು ಸುಪ್ರೀಂ ಕೋರ್ಟು 2018ರ ಫೆಬ್ರುವರಿ 16ರಂದು ಮಾರ್ಪಡಿಸಿದ ಅಂಕಿ. ಕರ್ನಾಟಕದ ಪಾಲು 270ರಿಂದ 284.75ಕ್ಕೆ ಏರಿದ್ದೂ ಆಗಲೇ. ನಡುವೆ, ಅಂತಿಮ ತೀರ್ಪು ಕೇಂದ್ರ ಸರ್ಕಾರದ ರಾಜಪತ್ರದಲ್ಲಿ ಪ್ರಕಟವಾದದ್ದು 2013ರ ಫೆಬ್ರುವರಿ 19ರಂದು. ತೀರ್ಪಿನ ದಿನಾಂಕವೇ ಬೇರೆ, ಪ್ರಕಟಣೆಯ ದಿನಾಂಕವೇ ಬೇರೆ. ಪ್ರಕಟಣೆಯ ದಿನಾಂಕವಿಲ್ಲದೆ 192 ಎಂದು ಉಲ್ಲೇಖಿಸಿದ ಪ್ರಬಂಧವನ್ನು ಓದಿದವರು ಅದನ್ನು ಇಂದಿನ ಅಂಕಿ ಎಂದೇ ತಿಳಿಯುತ್ತಾರೆ. ಇಂತಹ ವಿಷಯದಲ್ಲಿ ಸುದ್ದಿಯನ್ನು ಉಲ್ಲೇಖಿಸುವುದಕ್ಕಿಂತ ತೀರ್ಪನ್ನೇ ಉಲ್ಲೇಖಿಸುವುದು ಸರಿ. ಸುಪ್ರೀಂ ಕೋರ್ಟಿನ ತೀರ್ಪುಗಳು ಅದರ ತಾಣದಲ್ಲಿಯೇ ಸಿಗುತ್ತವೆ, ಅವುಗಳಲ್ಲಿ ಪರಿಚ್ಛೇದ ಸಂಖ್ಯೆಯೂ ಇರುತ್ತದೆ.

ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವಂತೂ ದಿನವೂ ಬದಲಾಗುತ್ತದೆ. 124.80 ಅಡಿ ಎಂಬ ಪೂರ್ಣ ಮಟ್ಟಕ್ಕೆ ಒಮ್ಮೆ ಪುಸ್ತಕವನ್ನೋ ಇಲಾಖೆಯ ಪುಟವನ್ನೋ ಉಲ್ಲೇಖಿಸಿದರೆ ಸಾಕು. ಆದರೆ ಇಂತಹ ದಿನ ಇಷ್ಟು ಅಡಿ ಇತ್ತು ಎಂದು ಬರೆಯುವುದಾದರೆ, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪ್ರಕಟಿಸುವ ಆ ದಿನದ ಜಲಾಶಯ ವರದಿಯನ್ನು ಅದರ ದಿನಾಂಕದೊಂದಿಗೆ ಉಲ್ಲೇಖಿಸಿ, ಕಡತವನ್ನು ಉಳಿಸಿಕೊಳ್ಳಬೇಕು. ಮಂಡ್ಯ ಮಾರುಕಟ್ಟೆಯ ಬೆಲ್ಲದ ಧಾರಣೆಗೂ ಇದೇ ಮಾತು. ಜನಗಣತಿಯ ಅಂಕಿಗಳಿಗೆ ಗಣತಿಯ ವರ್ಷವೇ ಉಲ್ಲೇಖದ ಪ್ರಾಣ: ಮಂಡ್ಯ ಜಿಲ್ಲೆಯ ಜನಸಂಖ್ಯೆ 18,05,769 ಎಂದು ಬರೆದು 2011 ಎಂದು ಬರೆಯದಿದ್ದರೆ ಆ ಸಂಖ್ಯೆಗೆ ಅರ್ಥವಿಲ್ಲ.

ಉಲ್ಲೇಖ ಬರೆಯಲು ವಿಶ್ವವಿದ್ಯಾನಿಲಯಗಳಲ್ಲಿ ಬಳಕೆಯಲ್ಲಿರುವ ಪದ್ಧತಿಗಳಲ್ಲಿ ಎಪಿಎ, ಎಂಎಲ್‌ಎ ಎರಡು. ಎಪಿಎ ಶೈಲಿಯ ಏಳನೆಯ ಆವೃತ್ತಿಯಲ್ಲಿ, ಬದಲಾಗುತ್ತಲೇ ಇರುವಂತಹ ಪುಟಗಳಿಗೆ ಮಾತ್ರ ‘ನೋಡಿದ ದಿನಾಂಕ’ ಬೇಕು; ಎಂಎಲ್‌ಎ ಶೈಲಿಯ ಒಂಬತ್ತನೆಯ ಆವೃತ್ತಿಯಲ್ಲಿ ಅದು ಐಚ್ಛಿಕ. ಹಾಗಿದ್ದರೂ ಕನ್ನಡದ ತಾಣಗಳು ಎಷ್ಟು ಬೇಗ ಮುಚ್ಚಿಹೋಗುತ್ತವೆ ಎಂಬುದನ್ನು ನೋಡಿದರೆ, ಪ್ರತಿಯೊಂದಕ್ಕೂ ನೋಡಿದ ದಿನಾಂಕವನ್ನು ಬರೆಯುವುದೇ ಕ್ಷೇಮ ಎಂಬುದು ನನ್ನ ಅಭಿಪ್ರಾಯ. ಹೆಚ್ಚಿಗೆ ಬರೆದದ್ದನ್ನು ಮಾರ್ಗದರ್ಶಕರು ಒಂದು ಗೆರೆಯಲ್ಲಿ ಹೊಡೆದುಹಾಕಬಹುದು; ಬರೆಯದೆ ಬಿಟ್ಟ ದಿನಾಂಕವನ್ನು ಆರು ತಿಂಗಳ ನಂತರ ನೆನಪಿಸಿಕೊಳ್ಳುವುದಕ್ಕೆ ಆಗುವುದಿಲ್ಲ.

ಸ್ಕ್ಯಾನ್ ಆದ ಪುಸ್ತಕಗಳು ಮತ್ತು ಶಾಸನ ಸಂಪುಟಗಳು

ನಮ್ಮ ಪ್ರದೇಶದ ಚರಿತ್ರೆಯ ಮೇಲೆ ಕೆಲಸ ಮಾಡುವವರಿಗೆ ಅಂತರ್ಜಾಲದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು. ತಪ್ಪುಗಳು ಹೆಚ್ಚಾಗಿ ನುಸುಳುವುದೂ ಇಲ್ಲಿಯೇ. ಸ್ಕ್ಯಾನ್ ಪ್ರತಿಯನ್ನು ನೋಡಿದರೂ ನೀವು ಓದಿದ್ದು ಪುಸ್ತಕವನ್ನೇ ಆದ್ದರಿಂದ, ಮೊದಲು ಪುಸ್ತಕದ ವಿವರಗಳನ್ನು, ಅಂದರೆ ಲೇಖಕ ಅಥವಾ ಸಂಪಾದಕ, ಶೀರ್ಷಿಕೆ, ಆವೃತ್ತಿ, ಪ್ರಕಟಣೆಯ ಸ್ಥಳ ಮತ್ತು ವರ್ಷವನ್ನು, ಮುದ್ರಿತ ಪುಸ್ತಕಕ್ಕೆ ಬರೆಯುವಂತೆಯೇ ಬರೆದು, ಅದರ ನಂತರ ಯಾವ ಡಿಜಿಟಲ್ ಭಂಡಾರದ ಪ್ರತಿ ಎಂಬುದನ್ನು ಸೇರಿಸಬೇಕು. ಈ ವಿವರಗಳನ್ನು ತಾಣದವರು ಕೊಟ್ಟಿರುವ ಚೀಟಿಯಿಂದ ಎತ್ತಿಕೊಳ್ಳಬೇಡಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಬಂದ ಕನ್ನಡ ಪುಸ್ತಕಗಳಲ್ಲಿ ಶೀರ್ಷಿಕೆ, ಲೇಖಕರ ಹೆಸರು, ವರ್ಷಗಳು ಗುರುತು ಸಿಗದಷ್ಟು ಕೆಟ್ಟು ನಮೂದಾಗಿರುವುದು ಸಾಮಾನ್ಯ. ಸ್ಕ್ಯಾನಿನ ಒಳಗಿರುವ ಮುಖಪುಟವನ್ನೂ ಅದರ ಹಿಂಬದಿಯನ್ನೂ ತೆರೆದು ಓದಿ ಬರೆದುಕೊಳ್ಳಿ. ಪುಟಸಂಖ್ಯೆಯ ವಿಷಯದಲ್ಲಿಯೂ ಹೀಗೆಯೇ: ಪರದೆಯ ಕೆಳಗೆ ಕಾಣುವುದು ಕಡತದ ಪುಟಸಂಖ್ಯೆ, ಅದರಲ್ಲಿ ರಕ್ಷಾಪುಟ, ಮುನ್ನುಡಿ, ಪರಿವಿಡಿ ಎಲ್ಲವೂ ಸೇರಿರುತ್ತವೆ. ಉಲ್ಲೇಖಿಸಬೇಕಾದದ್ದು ಹಾಳೆಯ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನು.

ಮೈಸೂರಿನಲ್ಲಿಯೇ ಬೆಳಕು ಕಂಡ ಕೌಟಿಲ್ಯನ ಅರ್ಥಶಾಸ್ತ್ರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಆರ್. ಶಾಮಶಾಸ್ತ್ರಿಗಳು ಸಂಸ್ಕೃತ ಮೂಲವನ್ನು 1909ರಲ್ಲಿ ಪ್ರಕಟಿಸಿದರು. ಅವರ ಇಂಗ್ಲಿಷ್ ಅನುವಾದ 1915ರಲ್ಲಿ ಪುಸ್ತಕವಾಗಿ ಬಂದು, ಆಮೇಲೆ ಹಲವು ಸಲ ಮರುಮುದ್ರಣಗೊಂಡಿತು. ಅಂತರ್ಜಾಲದಲ್ಲಿ ‘ಶಾಮಶಾಸ್ತ್ರಿ, ಅರ್ಥಶಾಸ್ತ್ರ’ ಎಂದು ಹುಡುಕಿದರೆ ಇವೆಲ್ಲವೂ ಬೆರೆತು ಬರುತ್ತವೆ. ಯಾವ ಮುದ್ರಣದ ಪ್ರತಿ ಎಂದು ಹೇಳದೆ ಪುಟಸಂಖ್ಯೆಯನ್ನಷ್ಟೇ ಕೊಟ್ಟರೆ ಓದುಗರು ಬೇರೊಂದು ಮುದ್ರಣವನ್ನು ತೆರೆದು ಅಲ್ಲಿ ಬೇರೇನನ್ನೋ ಓದುತ್ತಾರೆ.

ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯ ಕರ್ನಾಟಿಕದ ಕಥೆ ಇನ್ನೂ ಸೂಕ್ಷ್ಮವಾದದ್ದು. ಬಿ.ಎಲ್. ರೈಸ್ ಅವರ ಹಳೆಯ ಶ್ರೇಣಿಯ ಮೂರನೆಯ ಸಂಪುಟ 1894ರಲ್ಲಿ ಪ್ರಕಟವಾಯಿತು. ಮಂಡ್ಯ ಜಿಲ್ಲೆ ರಚನೆಯಾದದ್ದು 1939ರಲ್ಲಿಯಾದ್ದರಿಂದ, ಶ್ರೀರಂಗಪಟ್ಟಣ, ಮಂಡ್ಯ, ಮಳವಳ್ಳಿ ತಾಲ್ಲೂಕುಗಳ ಶಾಸನಗಳು ಆ ಸಂಪುಟದಲ್ಲಿ ಮೈಸೂರು ಜಿಲ್ಲೆಯ ಶಾಸನಗಳಾಗಿ ಸೇರಿವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತಂದ ಪರಿಷ್ಕೃತ ಶ್ರೇಣಿಯಲ್ಲಿ ಮೂರನೆಯ ಸಂಪುಟ ಗುಂಡ್ಲುಪೇಟೆ, ನಂಜನಗೂಡು ಮುಂತಾದ ತಾಲ್ಲೂಕುಗಳದ್ದು. ಶ್ರೀರಂಗಪಟ್ಟಣ ಆರನೆಯ ಸಂಪುಟಕ್ಕೆ ಹೋಗಿದೆ, ಮಂಡ್ಯ ಮತ್ತು ಮಳವಳ್ಳಿ ಏಳಕ್ಕೆ. ಎರಡೂ ಶ್ರೇಣಿಗಳ ಸ್ಕ್ಯಾನ್ ಪ್ರತಿಗಳು ಅಂತರ್ಜಾಲದಲ್ಲಿ ಸಿಗುವುದರಿಂದ ‘ಎ.ಕ. 3’ ಎಂದಷ್ಟೇ ಬರೆದರೆ ಓದುಗರು ಶ್ರೀರಂಗಪಟ್ಟಣದ ಶಾಸನವನ್ನು ನಂಜನಗೂಡಿನ ಸಂಪುಟದಲ್ಲಿ ಹುಡುಕುತ್ತ ಕೂರಬೇಕಾಗುತ್ತದೆ. ಶ್ರೇಣಿ ಹಳೆಯದೋ ಪರಿಷ್ಕೃತವೋ, ಸಂಪುಟ ಯಾವುದು, ವರ್ಷ ಯಾವುದು, ತಾಲ್ಲೂಕಿನ ಹೆಸರು, ಶಾಸನದ ಸಂಖ್ಯೆ, ಇಷ್ಟನ್ನೂ ಕೊಡಲೇಬೇಕು. ಶಾಸನವನ್ನು ಯಾರದೋ ಲೇಖನದಲ್ಲಿ ನೋಡಿ, ಸಂಪುಟವನ್ನು ತೆರೆಯದೆಯೇ ಸಂಪುಟದ ಹೆಸರನ್ನು ಬರೆಯುವುದು ಬಹಳ ಹಿಂದಿನಿಂದ ನಡೆದುಬಂದ ರೂಢಿ, ಅದು ಸರಿಯಲ್ಲ. ಹಾಗೆ ನೋಡಿದ್ದರೆ, ಶಾಸನದ ವಿವರವನ್ನು ಕೊಟ್ಟು ‘ಇಂತಹವರ ಲೇಖನದಲ್ಲಿ ಉದ್ಧೃತ’ ಎಂದು ಬರೆದು ಆ ಲೇಖನದ ಉಲ್ಲೇಖವನ್ನೂ ಕೊಡಬೇಕು. ಮೂಲ ಲೇಖಕರು ಸಂಖ್ಯೆಯನ್ನು ತಪ್ಪಾಗಿ ಕೊಟ್ಟಿದ್ದರೆ ಆ ತಪ್ಪು ನಿಮ್ಮ ತಲೆಯ ಮೇಲೆ ಬಾರದಿರಲು ಇದೊಂದೇ ದಾರಿ.

ವಿಕಿಪೀಡಿಯ, ವಿಶ್ವಕೋಶ, ಪತ್ರಿಕೆ, ವಿಡಿಯೊ

ವಿಕಿಪೀಡಿಯವನ್ನು ಉಲ್ಲೇಖಿಸಲೇಬಾರದು ಎಂದು ಕೆಲವು ಅಧ್ಯಾಪಕರು ಹೇಳುತ್ತಾರೆ. ಅದರಲ್ಲಿ ಓದಿ, ಅದನ್ನು ಮುಚ್ಚಿಟ್ಟು, ಲೇಖನದ ಕೆಳಗಿರುವ ಪುಸ್ತಕಗಳ ಹೆಸರನ್ನು ತಾವೇ ಓದಿದಂತೆ ಎತ್ತಿ ಬರೆಯುವುದು ಈ ನಿಷೇಧದ ಫಲ. ವಿಕಿಪೀಡಿಯದ ಅಡಿಟಿಪ್ಪಣಿ ಹಿಡಿದು ಮೂಲಕ್ಕೆ ಹೋಗಿ ಅದನ್ನು ಓದಿ ಉಲ್ಲೇಖಿಸುವುದು ಉತ್ತಮ. ಮೂಲ ಸಿಗದಿದ್ದರೆ ವಿಕಿಪೀಡಿಯವನ್ನೇ ಉಲ್ಲೇಖಿಸಿ, ಆದರೆ ನೀವು ಓದಿದ ಆವೃತ್ತಿಯನ್ನು ಉಲ್ಲೇಖಿಸಿ. ಪುಟದ ಉಪಕರಣಗಳ ಪಟ್ಟಿಯಲ್ಲಿ ಶಾಶ್ವತ ಕೊಂಡಿ ಪಡೆಯುವ ಆಯ್ಕೆ ಇದೆ. ಅದನ್ನು ಒತ್ತಿದಾಗ ಬರುವ ವಿಳಾಸದಲ್ಲಿ ಆವೃತ್ತಿಯ ಸಂಖ್ಯೆ ಸೇರಿರುತ್ತದೆ. ನಾಳೆ ಯಾರು ಏನನ್ನು ತಿದ್ದಿದರೂ ಆ ಕೊಂಡಿ ನೀವು ಕಂಡ ಪುಟವನ್ನೇ ತೋರಿಸುತ್ತದೆ.

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಲೇಖನಗಳು ಕನ್ನಡ ವಿಕಿಸೋರ್ಸ್‌ನಲ್ಲಿ ಸಿಗುತ್ತವೆ. ತಾಣದ ಹೆಸರಿನಲ್ಲಿ ‘ವಿಕಿ’ ಇದೆಯೆಂದು ಇವನ್ನು ವಿಕಿಪೀಡಿಯದ ಲೇಖನಗಳೆಂದು ಬರೆಯುವುದು ದೊಡ್ಡ ಪ್ರಮಾದ, ಏಕೆಂದರೆ ಇವು ವಿದ್ವಾಂಸರು ಬರೆದು ಸಂಪಾದಕ ಮಂಡಳಿ ತಿದ್ದಿದ ಬರಹಗಳು. ಲೇಖನದ ಶೀರ್ಷಿಕೆ, ಕನ್ನಡ ವಿಶ್ವಕೋಶ, ಮೈಸೂರು ವಿಶ್ವವಿದ್ಯಾನಿಲಯ, ಆಮೇಲೆ ‘ವಿಕಿಸೋರ್ಸ್ ಪ್ರತಿ’ ಎಂದು ಬರೆಯಿರಿ. ಲೇಖನದ ಕೊನೆಯಲ್ಲಿ ಕಂಸದೊಳಗೆ ಬರೆದವರ ಮೊದಲಕ್ಷರಗಳಿದ್ದರೆ ಅವನ್ನೂ ಸೇರಿಸಿ. ಅಂಕಿಅಂಶಗಳು ಮಾತ್ರ ಆ ಸಂಪುಟ ಅಚ್ಚಾದ ಕಾಲದವು ಎಂಬುದು ನೆನಪಿರಲಿ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ನಡೆಸುವ ಭಾರತವಾಣಿಯಲ್ಲಿರುವ ನಿಘಂಟುಗಳಿಗೂ ಇದೇ ಕ್ರಮ: ಭಾರತವಾಣಿ ತಾಣ, ನಿಘಂಟಿಗೆ ತನ್ನದೇ ಸಂಪಾದಕರೂ ವರ್ಷವೂ ಇವೆ.

ಪತ್ರಿಕೆಗಳ ವಿಷಯದಲ್ಲಿ ಇ-ಪೇಪರ್ ಮತ್ತು ಜಾಲತಾಣ ಎರಡೂ ಒಂದೇ ಎಂದು ತಿಳಿಯಬಾರದು. ಇ-ಪೇಪರ್ ಎಂದರೆ ಅಚ್ಚಾದ ಪತ್ರಿಕೆಯ ಚಿತ್ರ. ಅದಕ್ಕೆ ಆವೃತ್ತಿಯ ಊರು ಮತ್ತು ಪುಟಸಂಖ್ಯೆ ಬೇಕು, ಮೈಸೂರು ಆವೃತ್ತಿಯಲ್ಲಿ ಬಂದ ಸುದ್ದಿ ಬೆಂಗಳೂರು ಆವೃತ್ತಿಯಲ್ಲಿ ಇರದೆ ಹೋಗಬಹುದು. ಜಾಲತಾಣದ ಸುದ್ದಿಗೆ ಪ್ರಕಟವಾದ ಸಮಯ ಮತ್ತು ಪರಿಷ್ಕರಿಸಿದ ಸಮಯ ಎರಡೂ ಇರುತ್ತವೆ. ಪರಿಷ್ಕೃತ ದಿನಾಂಕ ಇದ್ದರೆ ಅದನ್ನೂ ಬರೆಯಿರಿ. ವಿಡಿಯೊ ಆದರೆ ಮಾತನಾಡಿದವರ ಹೆಸರು ಮೊದಲು, ಚಾನೆಲ್ಲಿನ ಹೆಸರು ಆಮೇಲೆ, ಕೊನೆಯಲ್ಲಿ ಆ ಮಾತು ಬರುವ ನಿಮಿಷ ಮತ್ತು ಸೆಕೆಂಡು. ಎರಡು ಗಂಟೆಯ ಉಪನ್ಯಾಸದ ಕೊಂಡಿ ಕೊಟ್ಟು ‘ಅದರಲ್ಲಿದೆ’ ಎನ್ನುವುದು ಓದುಗರನ್ನು ಶಿಕ್ಷಿಸಿದಂತೆ. ವಾಟ್ಸ್ಆ್ಯಪ್‌ನಲ್ಲಿ ಸುತ್ತುವ ಬರಹವನ್ನು ಆಕರವೆಂದು ಉಲ್ಲೇಖಿಸಲು ಬರುವುದಿಲ್ಲ, ಅದನ್ನೇ ಅಧ್ಯಯನ ಮಾಡುತ್ತಿದ್ದರೆ ಮಾತು ಬೇರೆ. ಚಾಟ್‌ಜಿಪಿಟಿಯಂತಹ ಯಂತ್ರಗಳು ಕೊಡುವ ಗ್ರಂಥಪಟ್ಟಿಯಲ್ಲಿ ಇಲ್ಲದ ಪುಸ್ತಕಗಳು, ಇಲ್ಲದ ಪುಟಸಂಖ್ಯೆಗಳು ನಿಜದಂತೆಯೇ ಬಂದು ಕೂರುತ್ತವೆ. ಕಣ್ಣಾರೆ ತೆರೆದು ನೋಡದ ಒಂದನ್ನೂ ಅಲ್ಲಿಂದ ಎತ್ತಿಕೊಳ್ಳಬಾರದು.

ಹೆಸರುಗಳು ಮತ್ತು ಅಕಾರಾದಿ

ಪಾಶ್ಚಾತ್ಯ ಶೈಲಿಗಳು ಮನೆತನದ ಹೆಸರನ್ನು ಮುಂದೆ ಹಾಕಲು ಹೇಳುತ್ತವೆ. ಹಳೆಯ ಮೈಸೂರಿನ ಹೆಸರುಗಳಲ್ಲಿ ಇರುವುದು ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು. ಆದ್ದರಿಂದ ಬಿ.ಎಂ. ಶ್ರೀಕಂಠಯ್ಯ ಎಂಬುದನ್ನು ‘ಶ್ರೀಕಂಠಯ್ಯ, ಬಿ.ಎಂ.’ ಎಂದು ಬರೆದರೆ ಸಾಕು. ಅಲ್ಲಿ ಮುಂದೆ ಬಂದದ್ದು ಸ್ವಂತ ಹೆಸರು, ಅದೇ ಸರಿ. ಕಾವ್ಯನಾಮದಲ್ಲಿ ಪ್ರಕಟವಾದದ್ದನ್ನು ಕಾವ್ಯನಾಮದಲ್ಲಿಯೇ ಉಲ್ಲೇಖಿಸಬೇಕು. ಜೊಟೆರೊದಂತಹ ಉಚಿತ ತಂತ್ರಾಂಶಗಳು ಬ್ರೌಸರಿನಿಂದಲೇ ವಿವರಗಳನ್ನು ಎತ್ತಿಕೊಳ್ಳುತ್ತವೆಯಾದರೂ ಕನ್ನಡದ ಹೆಸರುಗಳನ್ನು ಕಡಿದು ತಲೆಕೆಳಗು ಮಾಡುವುದುಂಟು; ಎತ್ತಿಕೊಂಡ ಕೂಡಲೇ ಕಣ್ಣಾಡಿಸಿ ತಿದ್ದಬೇಕು. ಹಳೆಯ ನುಡಿ ಫಾಂಟಿನಲ್ಲಿರುವ ಪಿಡಿಎಫ್‌ನಿಂದ ನಕಲು ಮಾಡಿದ ಸಾಲು ಅರ್ಥವಿಲ್ಲದ ಅಕ್ಷರಗಳಾಗಿ ಬರುತ್ತದೆಯಾದ್ದರಿಂದ, ಅಂತಹದನ್ನು ನೋಡಿಕೊಂಡು ಯೂನಿಕೋಡ್‌ನಲ್ಲಿ ಟೈಪ್ ಮಾಡುವುದು ವಾಸಿ.

ಕನ್ನಡಕ್ಕೆ ತಂದದ್ದೂ ಉಲ್ಲೇಖವೇ

ಇಂಗ್ಲಿಷ್ ಪುಟವೊಂದನ್ನು ಕನ್ನಡಕ್ಕೆ ಅನುವಾದಿಸಿ ಸೇರಿಸಿಕೊಂಡರೆ ಅದು ತಮ್ಮದೇ ಬರಹವಾಗುತ್ತದೆ ಎಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ವ್ಯಾಪಕವಾಗಿದೆ. ಭಾಷೆ ಬದಲಾದಾಗ ಹೋಲಿಕೆ ಪತ್ತೆಹಚ್ಚುವ ತಂತ್ರಾಂಶ ಸುಲಭವಾಗಿ ಹಿಡಿಯಲಾರದು ಎಂಬುದೂ ಈ ನಂಬಿಕೆಗೆ ಬೆಂಬಲವಾಗಿದೆ. ಯುಜಿಸಿಯ 2018ರ ನಿಯಮಾವಳಿ ಶೇ. 10ರವರೆಗಿನ ಹೋಲಿಕೆಗೆ ದಂಡ ವಿಧಿಸುವುದಿಲ್ಲ, ಶೇ. 10ರಿಂದ 40, 40ರಿಂದ 60, 60ಕ್ಕೆ ಮೇಲ್ಪಟ್ಟು ಎಂದು ಮೂರು ಹಂತಗಳನ್ನು ಮಾಡಿ, ಕೊನೆಯ ಹಂತದಲ್ಲಿ ಸಂಶೋಧಕರ ನೋಂದಣಿಯನ್ನೇ ರದ್ದುಗೊಳಿಸುತ್ತದೆ. ಆದರೆ ಇದು ತಂತ್ರಾಂಶ ಅಳೆಯುವ ಹೋಲಿಕೆಯ ಲೆಕ್ಕ. ಇನ್ನೊಬ್ಬರ ವಿಚಾರವನ್ನು ಹೆಸರು ಹೇಳದೆ ತೆಗೆದುಕೊಳ್ಳುವುದು ಶೇ. 10ರ ಒಳಗಿದ್ದರೂ ಕೃತಿಚೌರ್ಯವೇ; ವಿಷಯ ಬಲ್ಲ ಪರೀಕ್ಷಕರು ಮೌಖಿಕ ಪರೀಕ್ಷೆಯಲ್ಲಿ ಎರಡು ಪ್ರಶ್ನೆ ಕೇಳಿ ಅದನ್ನು ಹೊರತೆಗೆಯುತ್ತಾರೆ. ಅನುವಾದಿಸಿದ ವಾಕ್ಯಗಳನ್ನು ಉದ್ಧರಣ ಚಿಹ್ನೆಯೊಳಗಿಟ್ಟು, ಮೂಲದ ಉಲ್ಲೇಖ ಕೊಟ್ಟು, ‘ಅನುವಾದ ಪ್ರಬಂಧಕಾರರದ್ದು’ ಎಂದು ಸೇರಿಸಿದರೆ ಯಾವ ಆಕ್ಷೇಪಕ್ಕೂ ಎಡೆಯಿಲ್ಲ. ಸಾರಾಂಶವನ್ನು ನಿಮ್ಮ ಮಾತಿನಲ್ಲಿ ಹೇಳಿದ್ದರೆ ಉದ್ಧರಣ ಚಿಹ್ನೆ ಬೇಡ, ಉಲ್ಲೇಖ ಬೇಕು. ಸರಿಯಾಗಿ ಉದ್ಧರಿಸಿ ಆಕರ ಹೇಳಿದ ಭಾಗವನ್ನೂ ಆಕರಸೂಚಿಯನ್ನೂ ಆ ನಿಯಮಾವಳಿ ಹೋಲಿಕೆಯ ಲೆಕ್ಕದಿಂದ ಹೊರಗಿಡುತ್ತದೆ.

ಉಲ್ಲೇಖ ಬರಬೇಕಾದದ್ದು ಆ ಮಾತು ಬಂದ ವಾಕ್ಯದ ಕೊನೆಯಲ್ಲಿ. ಇಡೀ ಪುಟವನ್ನು ಬರೆದು ಕೊನೆಯ ಸಾಲಿಗೆ ಒಂದು ಅಡಿಟಿಪ್ಪಣಿ ಹಾಕಿದರೆ ಯಾವುದು ಆಕರದ್ದು, ಯಾವುದು ನಿಮ್ಮದು ಎಂದು ಗೊತ್ತಾಗುವುದಿಲ್ಲ. ಜಾಲಪುಟಗಳಿಗೆ ಪುಟಸಂಖ್ಯೆ ಇಲ್ಲದಿರುವುದರಿಂದ ಉಪಶೀರ್ಷಿಕೆಯನ್ನೋ ‘ಪರಿಚ್ಛೇದ 6’ ಎಂದೋ ಸೂಚಿಸಬೇಕು. ಎಪಿಎ, ಎಂಎಲ್‌ಎ, ಅಡಿಟಿಪ್ಪಣಿ ಪದ್ಧತಿ ಇವುಗಳಲ್ಲಿ ಯಾವುದನ್ನು ಅನುಸರಿಸಬೇಕು ಎಂಬುದನ್ನು ವಿಭಾಗ ಹೇಳುತ್ತದೆ. ಹೇಳದಿದ್ದರೆ ಒಂದನ್ನು ಆರಿಸಿಕೊಂಡು ಕೊನೆಯವರೆಗೂ ಅದನ್ನೇ ಪಾಲಿಸಿ.

ಪ್ರಬಂಧವನ್ನು ಬೈಂಡಿಂಗ್‌ಗೆ ಕೊಡುವ ಮೊದಲು ಪಟ್ಟಿಯಲ್ಲಿರುವ ಪ್ರತಿಯೊಂದು ಕೊಂಡಿಯನ್ನೂ ತೆರೆದು ನೋಡಬೇಕು. ನಿಮ್ಮ ಮೊಬೈಲಿನಲ್ಲಿ ಲಾಗಿನ್ ಆಗಿರುವ ತಾಣಗಳು ಎಲ್ಲರಿಗೂ ತೆರೆದುಕೊಳ್ಳುವುದಿಲ್ಲವಾದ್ದರಿಂದ, ಇದನ್ನು ಸ್ನೇಹಿತರ ಫೋನಿನಲ್ಲಿಯೋ ಗ್ರಂಥಾಲಯದ ಕಂಪ್ಯೂಟರಿನಲ್ಲಿಯೋ ಮಾಡುವುದು ಒಳ್ಳೆಯದು. ತೆರೆಯದ ಕೊಂಡಿಗಳಿಗೆ ವೇಬ್ಯಾಕ್ ಮಷೀನ್‌ನಲ್ಲಿ ಪ್ರತಿ ಇದೆಯೇ ಎಂದು 14 ಅಂಕಿಗಳ ದಿನಾಂಕ ನೋಡಿ ಹುಡುಕಿ, ನೀವು ಓದಿದ ದಿನಕ್ಕೆ ಹತ್ತಿರದ ಪ್ರತಿಯನ್ನು ಕೊಡಿ. ಅಲ್ಲಿಯೂ ಸಿಗದಿದ್ದರೆ ಉಲ್ಲೇಖವನ್ನು ಕಿತ್ತುಹಾಕದೆ, ಕೊಂಡಿಯ ಮುಂದೆ ‘ಈಗ ಲಭ್ಯವಿಲ್ಲ, ಪ್ರತಿ ಪ್ರಬಂಧಕಾರರ ಬಳಿ ಇದೆ’ ಎಂದು ಬರೆದು, ಉಳಿಸಿಕೊಂಡಿದ್ದ ಪಿಡಿಎಫ್‌ನ ಮುದ್ರಿತ ಹಾಳೆಯನ್ನು ಅನುಬಂಧದಲ್ಲಿ ಸೇರಿಸಬಹುದು.